ರುದ್ರೇಶನ ತುಂಬುಗೆನ್ನೆ

ರುದ್ರೇಶನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದ್ದದ್ದು ಒಳಕ್ಕೆ ಹೋದ ಎರಡು ಕೆನ್ನೆಗಳು ಮಾತ್ರ. ಯಲಬುರ್ಗಾದ ಸರ್ಕಾರಿ ಕಚೇರಿಯೊಂದರಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುವ ಗುಮಾಸ್ತ ಅವನು. ಪಹಣಿ ತಿದ್ದಿಸಲು ಬಂದವರು, ಜಾತಿ-ಆದಾಯದ ಪ್ರಮಾಣಪತ್ರಕ್ಕೆ ಬಂದವರು, ಎಲ್ಲರೂ ಅರ್ಜಿ ಒಳಗೆ ತಳ್ಳುವ ಮೊದಲು ಅವನ ಮುಖ ನೋಡಿ, "ಸಾಹೇಬ್ರ, ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. "ಆರಾಮ ಅದೀನ್ರಿ" ಎಂದು ಹೇಳಿ ಹೇಳಿ ಅವನಿಗೆ ನಿಜವಾಗಿಯೂ ಆರಾಮ ತಪ್ಪುವಂತಾಗಿತ್ತು. ರೊಟ್ಟಿಯ ಮೇಲೆ ತುಪ್ಪ ಸುರಿದುಕೊಂಡು ತಿಂದ, ಬಾಳೆಹಣ್ಣು ಗೊನೆಗಟ್ಟಲೆ ಮುಗಿಸಿದ. ತಿಂದದ್ದೆಲ್ಲ ಹೊಟ್ಟೆಗೆ ಹೋಗಿ ನೆಲೆಸಿತೇ ಹೊರತು ಕೆನ್ನೆಯ ಕಡೆ ತಿರುಗಿಯೂ ನೋಡಲಿಲ್ಲ.

ಕಿಟಕಿಯ ಮುಂದಿನವರು ಕೇಳಿದರೆ ಕೇಳಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಹೆಣ್ಣಿನ ಕಡೆಯವರು ಕೇಳದೆಯೇ ತೀರ್ಮಾನ ಮಾಡಿಬಿಡುತ್ತಿದ್ದರು. ವಯಸ್ಸು ನಲವತ್ತರ ಬಾಗಿಲಿಗೆ ಬಂದಿತ್ತು. ಕನ್ಯೆ ನೋಡಲು ಹೋದಲ್ಲೆಲ್ಲ ಅವಲಕ್ಕಿ ತಿಂದು ಚಹಾ ಕುಡಿದು ಬರುವುದು, ನಾಲ್ಕು ದಿನ ಬಿಟ್ಟು ಮದುವೆ ಮಾತಾಡುವ ಕರಿಬಸಪ್ಪ ಬಂದು ತಲೆ ಕೆರೆಯುತ್ತ ನಿಲ್ಲುವುದು ರೂಢಿಯಾಗಿತ್ತು.

"ಹುಡುಗ ಛಲೋ ಅದಾನ, ನೌಕರಿನೂ ಐತಿ, ಆದ್ರ ಒಳಗ ಏನರ ಬ್ಯಾನಿ ಐತೇನೋ ಅಂತ ಹುಡುಗಿ ತಾಯಿ ಅಂಜ್ಯಾಳ ತಮ್ಮಾ."

ಹೀಗಿರುವಾಗ ಬೇವೂರಿನ ಕೊಟ್ರಪ್ಪನವರ ಮನೆಯಿಂದ ಕರಿಬಸಪ್ಪನಿಗೆ ಫೋನು ಬಂತು. ಅವರ ಮಗಳು ಶಿವಲೀಲಾ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಯಲಬುರ್ಗಾದ ರುದ್ರೇಶನಿಗೆ ಕೊಡುವ ಮನಸ್ಸಿದೆ, ಯುಗಾದಿ ಆದ ಮೇಲೆ ಬಂದು ಹುಡುಗಿ ನೋಡಲಿ ಎಂದರಂತೆ. ಹೆಣ್ಣಿನ ಕಡೆಯವರು ತಾವಾಗಿ ರುದ್ರೇಶನ ಹೆಸರು ಹಿಡಿದು ಕೇಳಿದ್ದು ಅದೇ ಮೊದಲು. ಕರಿಬಸಪ್ಪನಿಗೂ ನಂಬಿಕೆಯಾಗದೆ ಇನ್ನೊಮ್ಮೆ ಫೋನು ಮಾಡಿ ಖಾತ್ರಿ ಮಾಡಿಕೊಂಡಿದ್ದ. "ಇದೊಂದು ತಪ್ಪಿತು ಅಂದ್ರ, ನನ್ನ ಕೈಯಾಗ ಇನ್ನ ಯಾವ ಕನ್ಯಾನೂ ಇಲ್ಲ ನೋಡು," ಎಂದು ಹೇಳಿಯೂ ಹೋದ. ಹುಡುಗಿಯ ಫೋಟೋ ಕೇಳೋಣವೆಂದು ರುದ್ರೇಶನಿಗೆ ಆಸೆಯಾಯಿತು. ಕೇಳಿದರೆ ಅವರು ತನ್ನದನ್ನೂ ಕೇಳುತ್ತಾರೆಂದು ಹೆದರಿ ಸುಮ್ಮನಾದ.

ಈ ಸಲ ಮಾತ್ರ ಕೆನ್ನೆಯನ್ನು ನಂಬಿ ಕೂರಬಾರದು ಎಂದು ಅವನು ನಿಶ್ಚಯಿಸಿದ. ಕೆನ್ನೆಗೆ ಸೂಜಿಯಲ್ಲಿ ಔಷಧ ತುಂಬಿ ಉಬ್ಬಿಸುತ್ತಾರೆಂದು ಮೊಬೈಲಿನಲ್ಲಿ ನೋಡಿದ್ದ. ಕೊಪ್ಪಳದಲ್ಲೇ ಒಂದು ಚರ್ಮದ ದವಾಖಾನೆಯಲ್ಲಿ ಆ ಸೌಕರ್ಯ ಉಂಟೆಂದು ತಿಳಿದು, ಕಚೇರಿಗೆ ರಜೆ ಹಾಕಿ, ಯಾರಿಗೂ ಹೇಳದೆ ಬಸ್ಸು ಹತ್ತಿದ.

ಡಾಕ್ಟರ್ ಜರೀನಾ ಬಹಳ ತಾಳ್ಮೆಯ ಹೆಂಗಸು. ಸೂಜಿ ಮುಟ್ಟುವ ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತೀರಾ, ಹಲ್ಲಿನ ತೊಂದರೆ ಏನಾದರೂ ಇದೆಯಾ ಎಂದು ಕೇಳಿದರು. ಔಷಧದ ಡಬ್ಬಿಯ ಸೀಲು ತೋರಿಸಿ, ಇದನ್ನು ಯಾರು ಚುಚ್ಚುತ್ತಾರೆ, ಏನು ಚುಚ್ಚುತ್ತಾರೆ ಎಂದು ಕೇಳದೆ ಎಲ್ಲಿಯೂ ಮುಖ ಕೊಡಬಾರದು ಎಂದರು.

"ನೋಡ್ರಿ, ಇದು ಕಾಯಂ ಅಲ್ಲ. ಒಂದು ವರ್ಷದ ಸುಮಾರಿಗೆ ತಾನ ಕರಗತೈತಿ. ಮನಸ್ಸಿಗೆ ಬರಲಿಲ್ಲ ಅಂದ್ರ ಕರಗಸಾಕೂ ಸೂಜಿ ಐತಿ. ಮೊದಲ ಒಂದಿಷ್ಟು ದಿನ ಬಾವು ಇರತೈತಿ. ಗಲ್ಲ ಒತ್ತಬಾರದು, ತಿಕ್ಕಬಾರದು, ಶಾಖ ಕೊಡಬಾರದು. ಭಾಳ ನೋವಾತು, ಚರ್ಮ ಬೆಳ್ಳಗಾತು, ಕಣ್ಣು ಮಂಜಾತು ಅಂದ್ರ ಆ ಕ್ಷಣಾನ ನನ್ನ ಕಡೆ ಬರ್ರಿ. ಮನಿಯಾಗ ಕಾರ್ಯ ಏನರ ಐತೇನ್ರಿ? ಇದ್ರ ಎರಡು ವಾರ ಮೊದ್ಲ ಮಾಡಿಸ್ಕೋಬೇಕು."

"ಕಾರ್ಯ ಯುಗಾದಿ ಆದ ಮ್ಯಾಲೆ ಐತ್ರಿ, ಭಾಳ ದಿನ ಐತಿ," ಎಂದ ರುದ್ರೇಶ. ಉಳಿದದ್ದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮಾಡಿಸಿದ್ದು ಯಾರಿಗೂ ಗೊತ್ತಾಗೂದಿಲ್ಲ ಹೌದಲ್ರಿ?"

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತವನಿಗೆ ಆ ಪ್ರಶ್ನೆಯ ಉತ್ತರ ಸಿಕ್ಕಿತು. ಎರಡು ಕೆನ್ನೆಗಳೂ ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಎದ್ದು ನಿಂತಿದ್ದವು. ಕಣ್ಣುಗಳು ಅವುಗಳ ಹಿಂದೆ ಎಲ್ಲೋ ಅಡಗಿದ್ದವು. ತುಟಿಯ ಎರಡು ತುದಿಗಳನ್ನು ಕೆನ್ನೆ ಮೇಲಕ್ಕೆ ಎಳೆದು ಹಿಡಿದದ್ದರಿಂದ, ಯಾವುದೋ ಖುಷಿಯ ಸುದ್ದಿ ಕೇಳಿದವನ ಹಾಗೆ ಮುಖ ತನ್ನಷ್ಟಕ್ಕೆ ತಾನೇ ನಗುತ್ತಿತ್ತು. ಡಾಕ್ಟರು ಹೇಳಿಯೇ ಇದ್ದರಲ್ಲ, ಯುಗಾದಿಯ ಹೊತ್ತಿಗೆ ಇಳಿಯುತ್ತದೆ ಎಂದು ಅವನು ಧೈರ್ಯ ತಂದುಕೊಂಡ. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು.

"ಲಗೂ ತಯಾರಾಗು ತಮ್ಮಾ," ಎಂದ ಕರಿಬಸಪ್ಪ. "ಹುಡುಗಿ ಸ್ವಾದರಮಾವ ಮಿಲ್ಟ್ರಿಯಾಗ ಅದಾನ, ನಾಳೆ ಹೊಂಟಾನಂತ. ಅಂವ ಇದ್ದಾಗ ಆಗಲಿ, ಇವತ್ತ ಮಧ್ಯಾಹ್ನ ಬರ್ರಿ ಅಂದಾರ."

"ಇವತ್ತ ಆಗೂದಿಲ್ಲ ಕಾಕಾ! ಯುಗಾದಿ ಆಗ್ಲಿ ಅಂದಿದ್ರಲ್ಲ?"

"ಯುಗಾದಿಗೆ ನಿನ್ನ ಸಲುವಾಗಿ ಕಾಶ್ಮೀರದಿಂದ ಬರ್ತಾನೇನು ಅಂವ? ಇವತ್ತ ಇಲ್ಲ ಅಂದ್ರ ಇಲ್ಲಾ ಅಂತನ ತಿಳ್ಕೋ." ಫೋನು ಕಟ್ಟಾಯಿತು.

ಏನು ಮಾಡುವುದೆಂದು ತೋಚದೆ ಹೊರಗೆ ಬಂದರೆ, ಅಂಗಳ ಗುಡಿಸುತ್ತಿದ್ದ ಮನೆಯ ಮಾಲಕಿ ನಸೀಮಾಬಿ ಕಸಬರಿಗೆ ಕೈಬಿಟ್ಟಳು.

"ಯಾ ಅಲ್ಲಾ! ಹಲ್ಲು ಬ್ಯಾನಿ ಏನು ಬೇಟಾ? ಎರಡೂ ಕಡೆ ಬಾತಾವಲ್ಲೋ! ನಿಂದ್ರು, ಉಪ್ಪಿನ ಶಾಖ ಕೊಡತೀನಿ, ಲವಂಗ ಇಟ್ಕೋ."

"ಹಲ್ಲಲ್ಲ ನಸೀಮಾಬಿ, ಏನೂ ಇಲ್ಲ, ತಾನ ಇಳೀತೈತಿ..."

"ಏನೂ ಇಲ್ದ ಹಿಂಗ ಬಾಯತಾವೇನು?" ಅವಳು ಆಗಲೇ ಒಳಗೆ ಹೋಗಿ ಹಂಚಿನ ಮೇಲೆ ಉಪ್ಪಿನ ಗಂಟು ಕಾಯಿಸಿಕೊಂಡು ಬಂದಿದ್ದಳು. ಹೊಗೆಯಾಡುವ ಗಂಟು ಕೆನ್ನೆಯ ಹತ್ತಿರಕ್ಕೆ ಬಂದಾಗ ರುದ್ರೇಶ ಕಟ್ಟೆಯಿಂದ ಹಾರಿ ರಸ್ತೆಗೆ ಬಿದ್ದ. ಬೆನ್ನ ಹಿಂದೆ ನಸೀಮಾಬಿ, "ಅಂಜತಾನ ನೋಡ್ರೆಪಾ, ಇಷ್ಟ ದೊಡ್ಡಾವಾಗಿ," ಎಂದು ಓಣಿಗೆಲ್ಲ ಕೇಳಿಸುವ ಹಾಗೆ ಹೇಳಿದಳು. ಓಣಿಯ ಜನ ಬಾಗಿಲಿಗೆ ಬಂದು ನೋಡಿದರು.

ಕಚೇರಿಗೆ ಹೋಗಿ ಅರ್ಧ ದಿನದ ರಜೆ ಕೇಳಬೇಕಿತ್ತು. ಅಲ್ಲಿ ಹಾಜರಿ ಹಾಕುವುದೆಂದರೆ ಮೊಬೈಲಿಗೆ ಮುಖ ತೋರಿಸುವುದು. ರುದ್ರೇಶ ನೆಟ್ಟಗೆ ನಿಂತು ತೋರಿಸಿದ, ಓರೆಯಾಗಿ ತೋರಿಸಿದ, ಕೆನ್ನೆಯನ್ನು ಒಳಕ್ಕೆ ಎಳೆದುಕೊಳ್ಳಲು ನೋಡಿ ನೋವಿನಿಂದ ಹಾ ಎಂದ. ಈ ಮುಖ ಈ ಕಚೇರಿಯದಲ್ಲ ಎಂದು ಮೊಬೈಲು ಹಟ ಹಿಡಿಯಿತು. ಪಕ್ಕದ ಮೇಜಿನ ಕೃಷ್ಣ ಸಹಾಯ ಮಾಡಲು ಬಂದವನು ಅವನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಲೇ ರುದ್ರೇಶಾ, ಇದು ಮಂಗನಬಾವು! ನಮ್ಮ ಹುಡುಗಗ ಬಂದಾಗ ಥೇಟ್ ಹಿಂಗ ಆಗಿತ್ತು. ದೊಡ್ಡಾವ್ರಿಗೆ ಬಂದ್ರ ಭಾಳ ಕೆಟ್ಟ, ಅದರಾಗ ಗಂಡಸರಿಗೆ!"

"ಅಲ್ಲೋ ಕೃಷ್ಣ, ಅದಲ್ಲ..."

"ಮಾತಾಡಬ್ಯಾಡ, ಬಾಯಿಂದನ ಹಬ್ಬತೈತಿ. ಹೋಗು ಮನಿಗೆ. ಸಾಹೇಬ್ರಿಗೆ ನಾ ಹೇಳತೀನಿ."

ಕಚೇರಿ ಎರಡು ಭಾಗವಾಗಿ ದಾರಿ ಬಿಟ್ಟಿತು. ಕೇಳದೆಯೇ ರಜೆ ಸಿಕ್ಕಿದ್ದು ಆ ದಿನ ಅವನ ಪಾಲಿಗೆ ಬಂದ ಒಂದೇ ಒಂದು ಲಾಭ. ಆದರೂ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ಅವನಿಗೆ ಬೇಸರವೇ ಆಯಿತು. ಕೆನ್ನೆ ಒಳಗಿದ್ದಾಗಲೂ ರೋಗ, ಹೊರಗೆ ಬಂದಾಗಲೂ ರೋಗ. ಜನರ ಕಣ್ಣಿಗೆ ಆರೋಗ್ಯವಂತನಾಗಿ ಕಾಣಲು ಒಂದು ಕೆನ್ನೆ ಎಷ್ಟಿರಬೇಕೋ ಆ ಅಳತೆ ಯಾರ ಹತ್ತಿರ ಇದೆಯೋ ಅವನಿಗೆ ತಿಳಿಯಲಿಲ್ಲ.

ಕರಿಬಸಪ್ಪ ಬೈಕ್ ತಂದು ನಿಲ್ಲಿಸಿದ. ರುದ್ರೇಶನನ್ನು ನೋಡಿ ಬೈಕ್ ಬಂದ್ ಮಾಡುವುದನ್ನೇ ಮರೆತ.

"ಯಾರ ಕೂಡ ಬಡದಾಡಿದ್ಯೋ?"

ಮುಚ್ಚಿಟ್ಟು ಫಲವಿಲ್ಲವೆಂದು ರುದ್ರೇಶ ನಡೆದದ್ದನ್ನೆಲ್ಲ ಹೇಳಿದ. ಕರಿಬಸಪ್ಪ ಹಣೆ ಹಣೆ ಬಡಿದುಕೊಂಡ. ಆಮೇಲೆ, ಎಷ್ಟೋ ಮದುವೆಗಳನ್ನು ದಡ ಮುಟ್ಟಿಸಿದ ಅನುಭವಸ್ಥನಾದ್ದರಿಂದ, ಅವನನ್ನು ಸುತ್ತ ತಿರುಗಿ ನೋಡಿದ. "ಇರಲಿ ಬಿಡು. ಅವ್ರೇನು ನಿನ್ನ ಮೊದ್ಲ ನೋಡ್ಯಾರೇನು? ಹುಟ್ಟಿದಾಗಿಂದ ಹಿಂಗ ಅದಾನ ಅಂತ ತಿಳ್ಕೋತಾರ. ಸೂಜಿ ಮಾತು ಮಾತ್ರ ಯಾರ ಮುಂದೂ ಎತ್ತಬ್ಯಾಡ. ಯಾರರ ಕೇಳಿದ್ರ ಬಾವು ಬಂದೈತಿ ಅನ್ನು, ಮುಗೀತು."

ಹೆಲ್ಮೆಟ್ ಹಾಕಿಕೊಳ್ಳಲು ನೋಡಿದರೆ ಅದು ಕೆನ್ನೆಯ ಮೇಲೆಯೇ ನಿಂತಿತು. ಹಾಕಿಕೊಂಡರೆ ಕೆನ್ನೆ ಉಳಿಯುವುದಿಲ್ಲ, ಬಿಟ್ಟರೆ ತಲೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ತಲೆಯನ್ನು ದೇವರಿಗೆ ಬಿಟ್ಟು, ಮುಖಕ್ಕೆ ಟವೆಲ್ ಸಡಿಲವಾಗಿ ಸುತ್ತಿಕೊಂಡು ಹಿಂದೆ ಕುಳಿತ. ದಾರಿಯುದ್ದಕ್ಕೂ ಬಿಸಿಲು ಹೆಂಚಿನಂತೆ ಕಾದಿತ್ತು. ಶಾಖ ಕೊಡಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ, ಅವನು ಕರಿಬಸಪ್ಪನ ಬೆನ್ನಿನ ನೆರಳಿನಲ್ಲಿ ಮುಖ ಹುದುಗಿಸಿದ. ರಸ್ತೆಯ ಗುಂಡಿ ಬಂದಾಗ ಕೆನ್ನೆ ಬೆನ್ನಿಗೆ ಬಡಿಯುತ್ತಿತ್ತು. ಮುಖ ಹೊರಗೆ ತೆಗೆದರೆ ಬಿಸಿಲು, ಒಳಗೆ ತಂದರೆ ಬೆನ್ನು. ಬೇವೂರು ಬರುವವರೆಗೆ ಅದೇ ಆಯಿತು.

ಕೊಟ್ರಪ್ಪನವರ ಮನೆಯಲ್ಲಿ ಪಡಸಾಲೆಗೆ ಜಮಖಾನ ಹಾಸಿದ್ದರು. ಕೊಟ್ರಪ್ಪ ಸಾಧು ಮನುಷ್ಯ, ಬರ್ರಿ ಬರ್ರಿ ಎಂದು ತಂಬಿಗೆಯಲ್ಲಿ ನೀರು ಕೊಟ್ಟ. ಅವನ ತಾಯಿ ಅನ್ನಮ್ಮಜ್ಜಿ ಕಂಬಕ್ಕೆ ಒರಗಿ ಕುಳಿತು ಕನ್ನಡಕ ಏರಿಸಿಕೊಂಡಳು. ಹುಡುಗಿಯ ಸೋದರಮಾವ, ಮಿಲಿಟರಿಯವನು, ಮೀಸೆ ತಿರುವುತ್ತ ಎದುರಿಗೆ ನಿಂತ. ರುದ್ರೇಶ ಟವೆಲ್ ಬಿಚ್ಚಿ ಕುಳಿತು, "ನಮಸ್ಕಾರ್ರಿ" ಎಂದ. ಉಬ್ಬಿದ ಕೆನ್ನೆಗಳ ನಡುವಿನಿಂದ ಆ ಮಾತು ತೊದಲಾಗಿ, ಬಾಯಲ್ಲಿ ಏನನ್ನೋ ಇಟ್ಟುಕೊಂಡವನು ಆಡಿದ ಹಾಗೆ ಹೊರಬಂತು.

ಸೋದರಮಾವನ ಮೀಸೆಯ ಮೇಲಿನ ಕೈ ನಿಂತಿತು. "ಮೊದ್ಲ ಹೊರಗ ಹೋಗಿ ಉಗುಳಿ ಬರ್ರಿ."

"ಏನ್ರಿ?"

"ಗುಟ್ಕಾ. ಹಿರೇರ ಮುಂದ ಕುಂತಾಗರ ಒಂದ ಗಲ್ಲ ಖಾಲಿ ಇರಬೇಕ್ರಿ. ನೀವು ಎರಡೂ ಕಡೆ ತುಂಬ್ಕೊಂಡ ಬಂದೀರಿ!"

"ನಾ ಗುಟ್ಕಾ ತಿನ್ನಂಗಿಲ್ರಿ! ಎಲಿ-ಅಡಿಕಿನೂ ಹಾಕಂಗಿಲ್ಲ!"

ಕರಿಬಸಪ್ಪ ಗಾಬರಿಯಾಗಿ, ಹುಡುಗನಿಗೆ ಚಹಾದ ಚಟವೂ ಇಲ್ಲ ಎಂದು ಆಣೆ ಮಾಡಿದ. ಸೋದರಮಾವ ನಂಬಲಿಲ್ಲ. ಆಗ ಅನ್ನಮ್ಮಜ್ಜಿಯೇ ನ್ಯಾಯ ಹೇಳಿದಳು: "ತಮ್ಮಾ, ಬಾಯಿ ತೆಗೀಪಾ, ನೋಡೂಣು." ಕನ್ಯೆ ನೋಡಲು ಬಂದ ರುದ್ರೇಶ ಪಡಸಾಲೆಯ ನಡುವೆ ಬಾಯಿ ತೆರೆದು ಕುಳಿತ. ಸೋದರಮಾವ ಮೊಬೈಲಿನ ಬೆಳಕು ಬಿಟ್ಟು ಎಡಗಡೆ ನೋಡಿದ, ಬಲಗಡೆ ನೋಡಿದ. ಎತ್ತಿನ ಸಂತೆಯಲ್ಲಿ ಹಲ್ಲು ನೋಡುವವರು ಕೂಡ ಅಷ್ಟು ಹೊತ್ತು ನೋಡುವುದಿಲ್ಲ. ಏನೂ ಸಿಗದೆ ಅವನ ಮುಖ ಸಣ್ಣದಾಯಿತು.

"ಖಾಲಿ ಐತಿ," ಎಂದು ಒಪ್ಪಿಕೊಂಡ.

ಅಜ್ಜಿಗೆ ಹಿಗ್ಗೋ ಹಿಗ್ಗು. "ಹಂಗಾರ ಇವು ಖರೇ ಗಲ್ಲ! ಎಂಥಾ ತುಂಬಿದ ಮಾರಿ ಐತಿ ನೋಡು ನನ್ನ ಕಂದಗ! ಉಂಡುಟ್ಟು ಸುಖದಾಗ ಬೆಳದ ಮನಿ ಹುಡುಗ! ನನ್ನ ದೃಷ್ಟಿನ ಹತ್ತೀತು." ಎದ್ದು ಬಂದವಳೇ, ಅವನು ಬೇಡ ಬೇಡ ಎನ್ನುವಷ್ಟರಲ್ಲಿ, ಎರಡು ಅಂಗೈಗಳಿಂದ ಎರಡು ಕೆನ್ನೆಗಳನ್ನೂ ಗಟ್ಟಿಯಾಗಿ ಹಿಡಿದು ಸವರಿ, ತನ್ನ ಕಪಾಳಕ್ಕೆ ಬೆರಳು ಒತ್ತಿ ಲಟಲಟನೆ ಲಟಿಕೆ ಮುರಿದಳು. ಜೀವಮಾನವೆಲ್ಲ ರೊಟ್ಟಿ ಬಡಿದ ಕೈ ಅದು. ರುದ್ರೇಶನಿಗೆ ಹಾಡುಹಗಲೇ ನಕ್ಷತ್ರ ಕಂಡವು, ಕಣ್ಣಿಂದ ದಳದಳ ನೀರು ಇಳಿಯಿತು.

"ನೋಡ್ರಿ, ಎಷ್ಟ ಮೆತ್ತನ್ನ ಮನಸ್ಸು," ಎಂದ ಕರಿಬಸಪ್ಪ. "ಹಿರೇರು ಪ್ರೀತಿಲೆ ಮುಟ್ಟಿದ್ದಕ್ಕ ಕಣ್ಣೀರು ಬಂತು."

ಎಡಗೆನ್ನೆ ಬಲಗೆನ್ನೆಗಿಂತ ಬೆರಳಷ್ಟು ಕೆಳಗೆ ಬಂದಿರಬಹುದೆಂದು ರುದ್ರೇಶನಿಗೆ ಅನುಮಾನ. ಮುಟ್ಟಿ ನೋಡುವ ಹಾಗಿಲ್ಲ, ಕನ್ನಡಿ ಕೇಳುವ ಹಾಗಿಲ್ಲ. ಒಗ್ಗರಣೆ ಹಾಕಿದ ಚುರುಮುರಿ ಬಂತು, ಪಕ್ಕದಲ್ಲಿ ಕೈಯುದ್ದದ ಮಿರ್ಚಿ ಬಂತು. ಅಗಿದರೆ ನೋವು, ಬಿಟ್ಟರೆ ಸೊಕ್ಕು ಎನ್ನುತ್ತಾರೆ. ಚುರುಮುರಿಯನ್ನು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು ನೆನೆಸಿ ನುಂಗುತ್ತ ಕುಳಿತ. ಅಷ್ಟರಲ್ಲಿ ಕೊಟ್ರಪ್ಪ, "ಹುಡುಗಿ ಒಂದೆರಡು ಮಾತು ಆಡಬೇಕಂತಾಳ್ರಿ. ಈಗಿನ ಕಾಲದಾಗ ಅದು ಛಲೋನ," ಎಂದ.

ಹಿತ್ತಲಲ್ಲಿ ನುಗ್ಗೆ ಮರದ ಕೆಳಗೆ ಎರಡು ಕುರ್ಚಿ ಹಾಕಿದ್ದರು. ಶಿವಲೀಲಾ ತಲೆ ಬಗ್ಗಿಸಿ ಕುಳಿತಿದ್ದಳು.

"ನನ್ನ ಗುರ್ತು ಹತ್ತಲಿಲ್ಲೇನ್ರಿ?" ಎಂದಳು ಅವಳು.

"ಇಲ್ರಿ."

"ದೀಪಾವಳಿ ಮುಂದ ನಿಮ್ಮ ಕಿಟಕಿಗೆ ಬಂದಿದ್ದೆ, ಆದಾಯದ ಪ್ರಮಾಣಪತ್ರಕ್ಕ. ನನ್ನ ಮುಂದ ನಿಂತ ಮುದುಕ ನಿಮ್ಮನ್ನ ನೋಡಿ ಆರಾಮ ಇಲ್ಲೇನ್ರಿ ಅಂದ. ಅವನ ಮುಂದಿನಾಕಿನೂ ಅದನ್ನ ಕೇಳಿದ್ಲು. ನೀವು ಇಬ್ಬರಿಗೂ ಸಿಟ್ಟಾಗಲಿಲ್ಲ. ಆರಾಮ ಅದೀನ್ರಿ ಅಂತ ನಕ್ಕೋತ ಹೇಳಿದ್ರಿ. ಆಮ್ಯಾಲೆ ನನ್ನ ಪಾಳಿ ಬಂತು. ನಾ ಕೇಳಲಿಲ್ಲ."

"ಯಾಕ್ರಿ?"

ಅವಳು ತಲೆ ಎತ್ತಿದಳು. ರುದ್ರೇಶ ಆಗ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ದೊಡ್ಡ ಕಣ್ಣುಗಳು, ಅವುಗಳ ಕೆಳಗೆ ಒಳಕ್ಕೆ ಹೋದ ಎರಡು ಕೆನ್ನೆಗಳು. ಕನ್ನಡಿಯಲ್ಲಿ ತಾನು ಇಷ್ಟು ವರ್ಷ ನೋಡಿದ ಕೆನ್ನೆಗಳೇ ಅವು.

"ನನಗೂ ದಿನಾ ಕೇಳ್ತಾರ್ರಿ. ಸಾಲ್ಯಾಗ ಕೇಳ್ತಾರ, ಬಸ್ಸಿನ್ಯಾಗ ಕೇಳ್ತಾರ. ನೋಡಾಕ ಬಂದ ಗಂಡುಗಳು ಕೇಳದ ಹೋಗ್ತಾರ. ಅವತ್ತ ಮನಿಗೆ ಬಂದು ಅಪ್ಪಗ ನಾನ ಹೇಳಿದೆ. ಯಲಬುರ್ಗಾ ಕಚೇರಿ ಕಿಟಕಿಯಾಗ ಕೂಡತಾರಲ್ಲ, ಅವರ ಕಡೆ ವಿಚಾರ ಮಾಡ್ರಿ, ಅವರು ನನ್ನ ಮಾರಿ ನೋಡಿ ಏನೂ ಅನ್ನಂಗಿಲ್ಲ ಅಂತ."

ರುದ್ರೇಶನ ಎದೆ ತುಂಬಿ ಬಂತು. ನಲವತ್ತು ವರ್ಷದ ದಣಿವು ಒಮ್ಮೆಲೇ ಇಳಿದ ಹಾಗಾಯಿತು. ತನ್ನ ಒಣಕಲು ಮುಖವನ್ನು ನೋಡಿ ಒಬ್ಬಳು ಒಪ್ಪಿದ್ದಾಳೆ, ದೀಪಾವಳಿಯಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ. ಅಂಥವಳ ಮುಂದೆ ಸುಳ್ಳು ಹೇಳಬಾರದು ಎನ್ನಿಸಿತು. ಕರಿಬಸಪ್ಪನ ಬುದ್ಧಿಮಾತೆಲ್ಲ ಗಾಳಿಗೆ ಹೋಯಿತು.

"ಇವು ನನ್ನ ಗಲ್ಲ ಅಲ್ರಿ! ನಿನ್ನೆ ಕೊಪ್ಪಳದಾಗ ಸೂಜಿ ಮಾಡಿಸ್ಕೊಂಡು ಉಬ್ಬಿಸಿದ್ದು. ನನ್ನವು ಒಳಗ ಹಂಗ ಅದಾವು, ನೀವು ನೋಡಿದ್ರಲ್ಲ, ಥೇಟ್ ಹಂಗ! ಕರಗಸಾಕೂ ಸೂಜಿ ಐತಂತ. ನಾಳೇನ ಹೋಗಿ ಕರಗಿಸ್ಕೊಂಡ ಬರ್ತೀನಿ!"

ಶಿವಲೀಲಾ ಅವನನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇಡೀ ದಿನ ಪಾಳಿಯಲ್ಲಿ ನಿಂತು, ಕಿಟಕಿ ಮುಚ್ಚಿದ್ದು ಕಂಡವಳ ಆಯಾಸವಿತ್ತು.

"ನಾ ಬಾವು ಬಂದಿರಬೇಕು ಅಂದ್ಕೊಂಡಿದ್ದೆ," ಎಂದಳು. "ಬಾವು ಅಂದ್ರ ಇಳೀತಿತ್ತು. ಹೂಂ ಅನ್ನಾಕನ ಬಂದು ಕುಂತಿದ್ದೆ."

"ಇದೂ ಇಳೀತೈತ್ರಿ! ಡಾಕ್ಟ್ರು ಹೇಳ್ಯಾರ!"

"ಇದು ಇಳೀತೈತ್ರಿ. ಆದ್ರ ನಿಮ್ಮ ಗಲ್ಲಾನ ನಿಮಗ ನಡೀಲಿಲ್ಲ. ನಾಳೆ ನನ್ನ ಗಲ್ಲ ದಿನಾ ಎದುರಿಗೆ ಇಟ್ಕೊಂಡು ಹೆಂಗ ಉಣತೀರಿ? ಮದುವಿ ಆದ ವಾರದಾಗ ನನ್ನನ್ನೂ ಅದ ದವಾಖಾನಿಗೆ ಕರ್ಕೊಂಡ ಹೋಗ್ತೀರಿ." ಎದ್ದು ಸೆರಗು ಸರಿಮಾಡಿಕೊಂಡಳು. "ಬ್ಯಾಡ್ರಿ. ಅಪ್ಪಗ ನಾನ ಹೇಳತೀನಿ."

ಅವಳು ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಹೋದಳು. ರುದ್ರೇಶನಿಗೆ ಅಳು ಬಂತು, ಮುಖ ಬಾಡಿಸೋಣವೆಂದರೆ ಬಾಡಲು ಕೆನ್ನೆ ಒಪ್ಪಲಿಲ್ಲ. ತುಟಿಗಳನ್ನು ಅದು ಬೆಳಗಿನಿಂದ ಎಳೆದು ಹಿಡಿದ ಹಾಗೆಯೇ ಹಿಡಿದಿತ್ತು. ಕಾಲೆಳೆದುಕೊಂಡು ಪಡಸಾಲೆಗೆ ಬಂದ.

ಅವನ ಮುಖ ನೋಡಿದ್ದೇ ತಡ, ಕರಿಬಸಪ್ಪ ಜಮಖಾನದಿಂದ ಎದ್ದು ನಿಂತ. "ಮಾರಿ ನೋಡ್ರಿ, ಮಾರಿ! ಕೇಳೂದ ಬ್ಯಾಡ, ಇಬ್ಬರದೂ ಒಪ್ಪಿಗಿ ಆತು!"

"ಹಾಂಗಲ್ಲ ಕಾಕಾ," ಎನ್ನಲು ರುದ್ರೇಶ ಬಾಯಿ ತೆರೆದ. ತೆರೆದ ಬಾಯಿಗೆ ಅನ್ನಮ್ಮಜ್ಜಿ ಒಂದು ಹಿಡಿ ಸಕ್ಕರೆ ಸುರಿದಳು. ಸೋದರಮಾವ ಬಂದು ಅಪ್ಪಿಕೊಂಡು, ಗುಟ್ಕಾ ಅಂದದ್ದು ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ ಎಂದು ಬೆನ್ನು ತಟ್ಟಿದ. ಅಡುಗೆಮನೆಯಿಂದ ಯಾರೋ ಕೊಟ್ರಪ್ಪನನ್ನು ಕರೆದರು, ಅವನು ನಗುನಗುತ್ತ ಎದ್ದು ಒಳಗೆ ಹೋದ. ಅವನು ಹೊರಗೆ ಬರುವವರೆಗೆ ರುದ್ರೇಶ ಆ ಮನೆಯ ಅಳಿಯನಾಗಿ, ಜಮಖಾನದ ನಡುವೆ, ನಗುಮುಖದಿಂದ ಸಕ್ಕರೆ ಅಗಿಯುತ್ತ ಕುಳಿತಿದ್ದ.